ಹಿಂದಿನ ಸ್ಪ್ರಿಂಗು ಮತ್ತು ಕುಬುಸದ ಬುತ್ತಿ

ಸ್ಕೂಟರಿನ ಹಿಂದಿನ ಸ್ಪ್ರಿಂಗು ಸರಿಮಾಡುವುದು ಏನು ಮಹಾ ಕೆಲಸ ಅಂದುಕೊಂಡವನು ನಾನು. ಇಪ್ಪತ್ತಾರು ವರ್ಷ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನಿಗೆ, ಆಳೆತ್ತರದ ಯಂತ್ರಗಳ ಹೊಟ್ಟೆಯೊಳಗೆ ಕೈ ಹಾಕಿ ಬಂದವನಿಗೆ, ಒಂದು ಮೊಳದ ಸ್ಪ್ರಿಂಗು ಯಾವ ಲೆಕ್ಕ? ಮಿಲ್ಲು ಮುಚ್ಚಿದ್ದು ಬೇರೆ ಮಾತು. ಅದು ನನ್ನಿಂದ ಮುಚ್ಚಲಿಲ್ಲ. ಆದರೆ ಈ ಕಥೆ ಕೇಳಿದ ಮೇಲೆ ನಿಮಗೆ ಹಾಗೊಂದು ಅನುಮಾನ ಬಂದರೆ ನಾನು ತಪ್ಪು ತಿಳಿಯುವುದಿಲ್ಲ.

ದಾವಣಗೆರೆ ಆಗ ತಾನೇ ಜಿಲ್ಲೆಯಾಗಿತ್ತು. ಊರಿಗೆ ಬಡ್ತಿ ಸಿಕ್ಕಿತ್ತು, ನನ್ನ ಕೆಲಸ ಹೋಗಿತ್ತು. ಮಗಳು ಸುಮಾಳನ್ನು ಹರಿಹರಕ್ಕೆ ಕೊಟ್ಟು ಒಂದೂವರೆ ವರ್ಷ. ಆಕೆಗೆ ಏಳು ತಿಂಗಳು ತುಂಬಿತು, ಕುಬುಸ ಮಾಡಬೇಕು ಅಂತ ಬೀಗರ ಮನೆಯಿಂದ ಹೇಳಿಕಳಿಸಿದರು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತಗೊಂಡು ಹೋಗಬೇಕು. ಬುತ್ತಿ ಅಂದರೆ ಸಣ್ಣ ಗಂಟಲ್ಲ. ಮೊಸರನ್ನ, ಚಿತ್ರಾನ್ನ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಣ್ಣೆಗಾಯಿ, ಮೂರು ಥರದ ಚಟ್ನಿಪುಡಿ. ಬಸುರಿ ಹುಡುಗಿ ಅದನ್ನು ಉಂಡು "ನನ್ನ ತವರಿಂದ ಬಂತು" ಅನ್ನಬೇಕು.

ತವರು ಅಂದರೆ ತಾಯಿ. ನನ್ನ ಹೆಂಡತಿ ಶಾಂತಾ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಮದುವೆ ದಿನ ನಮ್ಮ ಬೀಗತಿ ನಾಲ್ಕು ಜನರ ಮುಂದೆ, "ಪಾಪ, ತಾಯಿ ಇಲ್ಲದ ಹುಡುಗಿ, ಇನ್ನು ನಾವೇ ಎಲ್ಲ ನೋಡ್ಕೋಬೇಕು," ಅಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಆ "ಪಾಪ" ಅನ್ನೋ ಮಾತು ಒಂದೂವರೆ ವರ್ಷದಿಂದ ನನ್ನ ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತು. ಕುಬುಸದ ದಿನ ಹರಿಹರದಲ್ಲಿ ಒಬ್ಬರೂ ನನ್ನ ಮಗಳಿಗೆ ಪಾಪ ಅನ್ನಬಾರದು. ನನ್ನ ಹಟ ಇಷ್ಟೇ.

ಅಡಿಗೆಗೆ ನನ್ನ ಅಕ್ಕ ಗಂಗಕ್ಕ ಇದ್ದಳು. ಎರಡು ಓಣಿ ಆಚೆ ಅವಳ ಮನೆ. ಬುತ್ತಿ ನಾನೇ ಮಾಡ್ತೀನಿ, ಬಾಯಿ ಮುಚ್ಚಿಕೊಂಡಿರು ಅಂದಳು. ಹೋಗುವುದು ಹೇಗೆ ಅನ್ನುವಲ್ಲಿ ಜಗಳ ಶುರುವಾಯಿತು.

"ಒಂದು ಕಾರು ಮಾಡು ರುದ್ರಾ. ಬುತ್ತಿ ಅಲುಗಾಡಬಾರ್ದು."

"ಬಾಡಿಗೆ ಕಾರಿನ್ಯಾಗೆ ಬಂದ್ರು ಅಂತ ಅನ್ನಿಸ್ಕೊಳ್ಳಾದು ಬ್ಯಾಡ. ನಮ್ಮ ಗಾಡಿ ಐತೆ."

"ಹಂಗಾರೆ ಬಸ್ಸಿಗೆ ಹೋಗಾಣ."

"ಬಸ್ಸಿನ್ಯಾಗೆ ಕಂಡಕ್ಟರ್ ನಿನ್ನ ಬುತ್ತಿ ಮ್ಯಾಲೆ ಚೀಲ ಇಡ್ತಾನೆ. ಆಗ ಏನ್ ಮಾಡ್ತಿ?"

ಗಂಗಕ್ಕ ನನ್ನನ್ನೂ ಅಂಗಳದಲ್ಲಿದ್ದ ಸ್ಕೂಟರನ್ನೂ ಒಂದೇ ಥರ ನೋಡಿದಳು. ಇಬ್ಬರೂ ಹಳಬರು, ಇಬ್ಬರದೂ ಬಣ್ಣ ಹೋಗಿತ್ತು.

ಸದರಿ ವಾಹನದ ನ್ಯೂನತೆ ಬೆಳಕಿಗೆ ಬಂದದ್ದು ಮಂಡಿಪೇಟೆಯಲ್ಲಿ. ಬೆಲ್ಲ, ಶೇಂಗಾ ತರಲು ಗಂಗಕ್ಕನನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಗಂಗಕ್ಕನದು ತುಂಬಿದ ಮೈ. ಅವಳ ತೊಡೆ ಮೇಲೆ ಬೆಲ್ಲದ ಚೀಲ ಬೇರೆ. ಸ್ಕೂಟರಿನ ಹಿಂಭಾಗ ಕೆಳಗೆ ಕುಸಿಯಿತು, ಮುಂಭಾಗ ಮೇಲೆದ್ದಿತು. ನಾನು ಎಡಕ್ಕೆ ಹ್ಯಾಂಡಲ್ ತಿರುಗಿಸಿದೆ. ಗಾಡಿ ನೇರವಾಗಿ ಹೋಯಿತು. ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗಿತು. ಆ ಯೋಚನೆ ಮಾಡುವ ಹೊತ್ತಿನಲ್ಲಿ ನಾವು ಒಬ್ಬ ಒಣಮೆಣಸಿನಕಾಯಿ ವ್ಯಾಪಾರಿಯ ಮೂಟೆಗಳನ್ನು ಮಾತಾಡಿಸಿ ಬಂದಿದ್ದೆವು. ಅಂಗಡಿಯವರು ಬೈಯಬೇಕೆಂದು ಬಾಯಿ ತೆರೆದರು, ಪಾಪ, ಬರೀ ಸೀನಿದರು.

ಅಲ್ಲೇ ಹಿಂದಿನ ಗಲ್ಲಿಯಲ್ಲಿ ಇಮಾಮ್ ಸಾಬರ ಗ್ಯಾರೇಜು. ನನ್ನ ಗಾಡಿಯ ಹುಟ್ಟಿನಿಂದ ಅದರ ವೈದ್ಯರು ಅವರೇ. ಹಿಂದಿನ ಸೀಟನ್ನು ಎರಡು ಸಲ ಒತ್ತಿ ನೋಡಿದರು.

"ಹಿಂದಿನ ಸ್ಪ್ರಿಂಗ್ ಸುಸ್ತಾಗೈತೆ ಫಿಟ್ಟರ್ ಸಾಬ್. ಭಾರ ಪೂರಾ ಹಿಂದಕ್ಕೆ ಹೋಗ್ತೈತೆ, ಮುಂದಿನ ಗಾಲಿ ಖಾಲಿ ಆಗ್ತೈತೆ. ಖಾಲಿ ಗಾಲಿ ಹ್ಯಾಂಡಲ್ ಮಾತು ಕೇಳಲ್ಲ."

"ಏನ್ ಮಾಡ್ಬೇಕು?"

"ಹೊಸ ಸ್ಪ್ರಿಂಗ್ ಹಾಕ್ಬೇಕು. ಅಲ್ಲೀತನಕ ಸಾಮಾನು ಮುಂದೆ ಕಾಲಿನ ಹತ್ರ ಇಟ್ಕೊಳ್ರಿ. ಭಾರ ಮುಂದೆ ಇದ್ರೆ ಗಾಲಿ ನೆಲ ಬಿಡಲ್ಲ."

"ಸ್ಪ್ರಿಂಗ್ ನಾನೇ ಸರಿಮಾಡ್ಕೊಳ್ತೀನಿ ಬಿಡ್ರಿ," ಅಂದೆ.

ಇಮಾಮ್ ಸಾಬರು "ಆಯ್ತು ಫಿಟ್ಟರ್ ಸಾಬ್" ಅಂದು ಕೈ ಒರೆಸಿಕೊಂಡರು. ಒಂದು ಚೂರು ನಕ್ಕರು. ಆ ನಗು ನನಗೆ ಸೇರಲಿಲ್ಲ. ಮಿಲ್ಲು ಮುಚ್ಚಿದ ಮೇಲೆ ಯಾರು ನಕ್ಕರೂ ನನಗೆ ಸೇರುತ್ತಿರಲಿಲ್ಲ, ಅದೂ ನಿಜ.

ಮನೆ ಅಂಗಳದಲ್ಲಿ ಕೆಲಸ ಶುರುಮಾಡಿದೆ. ಸ್ಪ್ರಿಂಗು ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಮೊದಲು ಅದನ್ನು ಗಟ್ಟಿಯಾಗಿ ಒತ್ತಿ ಕಟ್ಟಬೇಕು, ಆಮೇಲೆ ಬೋಲ್ಟು ಬಿಚ್ಚಬೇಕು. ಇದನ್ನು ನಾನು ಮಿಲ್ಲಿನಲ್ಲಿ ಎಷ್ಟೋ ಹುಡುಗರಿಗೆ ಕಲಿಸಿದ್ದೇನೆ. ಕಲಿಸಿದ್ದೆನೆಂಬ ಹೆಮ್ಮೆಯಲ್ಲಿ ಕಟ್ಟುವುದನ್ನೇ ಮರೆತೆ. ಬೋಲ್ಟು ಬಿಚ್ಚಿದ್ದೇ ತಡ, ಸ್ಪ್ರಿಂಗು ನನ್ನ ಕಿವಿಯ ಪಕ್ಕದಿಂದ ಹಾರಿ ನೀರಿನ ಡ್ರಮ್ಮಿಗೆ ಬಡಿದು ಚರಂಡಿಗೆ ಬಿತ್ತು. ಇದೆಲ್ಲಾ ಸುಸ್ತಾದ ಸ್ಪ್ರಿಂಗು ಮಾಡುವ ಕೆಲಸವಾ ಅಂತ ನನಗೆ ಇಮಾಮ್ ಸಾಬರ ಮೇಲೇ ಸಿಟ್ಟು ಬಂತು.

ಚರಂಡಿಯಿಂದ ತೆಗೆದು, ತೊಳೆದು, ಅದರ ಬುಡಕ್ಕೆ ದಪ್ಪ ಕಬ್ಬಿಣದ ರಿಂಗು ಎರಡು ಕೂರಿಸಿ ಬಿಗಿದೆ. ಬುಡ ಎತ್ತರವಾದರೆ ಸ್ಪ್ರಿಂಗು ಬಿಗಿಯಾಗುತ್ತದೆ, ಹಿಂಭಾಗ ಕುಸಿಯುವುದಿಲ್ಲ. ಪರೀಕ್ಷೆಗೆ ಗಂಗಕ್ಕನನ್ನು ಕೂರಿಸಿಕೊಂಡು ಬಡಾವಣೆ ಸುತ್ತಿದೆ. ಮುಂದಿನ ಗಾಲಿ ನೆಲ ಕಚ್ಚಿಕೊಂಡು ಓಡಿತು. ಹಿಂದೆ ಮಾತ್ರ ಸ್ಪ್ರಿಂಗು ಅನ್ನುವುದು ಹೆಸರಿಗೂ ಇರಲಿಲ್ಲ. ರಸ್ತೆಯ ಒಂದೊಂದು ಗುಂಡಿಗೂ ಗಂಗಕ್ಕ ಸೀಟು ಬಿಟ್ಟು ಮೇಲೆದ್ದು ಮತ್ತೆ ಬಂದು ಕೂರುತ್ತಿದ್ದಳು. ಒಂದು ಸಲ ಬರುವುದು ತಡವಾಯಿತು.

"ನನ್ನ ಸೊಂಟ ಮುರೀಬೇಕು ಅಂತಾನೆ ಮಾಡೀಯೇನ್ಲೇ ಇದನ್ನ? ನಿಲ್ಲಿಸು. ನಾನು ನಡ್ಕೊಂಡು ಹೋಗ್ತೀನಿ."

ಅವಳು ನಿಜವಾಗಿಯೂ ನಡೆದೇ ಹೋದಳು. ನಾನು ಪಕ್ಕದಲ್ಲಿ ನಿಧಾನಕ್ಕೆ ಗಾಡಿ ಓಡಿಸುತ್ತಾ ಸಮಾಧಾನ ಹೇಳಿದೆ.

ಎರಡೂ ರಿಂಗು ತೆಗೆದೆ. ಹಿಂಭಾಗ ಮತ್ತೆ ಕುಸಿಯಿತು. ಒಂದು ರಿಂಗು ಹಾಕಿದೆ. ಗಂಗಕ್ಕನ ಸೊಂಟ ಒಪ್ಪಿಕೊಂಡಿತು, ಮುಂದಿನ ಗಾಲಿ ಮಾತ್ರ ಇನ್ನೂ ಸ್ವಲ್ಪ ಹಗುರ. ಆಗ ಇಮಾಮ್ ಸಾಬರ ಮಾತು ನೆನಪಾಯಿತು. ನೆನಪಾಯಿತು ಅಂತ ಯಾರಿಗೂ ಹೇಳಲಿಲ್ಲ, ನನ್ನದೇ ಯೋಚನೆ ಅನ್ನುವ ಹಾಗೆ ಮುಂದುವರಿದೆ. ಮೂಲೆ ಅಂಗಡಿಯಿಂದ ಹತ್ತು ಕೇಜಿಯ ಎರಡು ತೂಕದ ಕಲ್ಲು ತಂದೆ. ಮೊಸರನ್ನದ ಡಬರಿ ಅಷ್ಟೇ ಭಾರ ಬರುತ್ತದೆ ಅಂತ ಅಂದಾಜು. ಕಲ್ಲುಗಳನ್ನು ಮುಂದೆ ಕಾಲಿಡುವ ಜಾಗದಲ್ಲಿ, ನನ್ನ ಎರಡು ಪಾದಗಳ ನಡುವೆ ಇಟ್ಟುಕೊಂಡೆ. ಗಂಗಕ್ಕ ಹಿಂದೆ ಕೂತಳು, ತೊಡೆ ಮೇಲೆ ರೊಟ್ಟಿ ಹೋಳಿಗೆಯ ಬುಟ್ಟಿಗೆ ಬದಲು ಒಂದು ದಿಂಬು ಇಟ್ಟುಕೊಂಡಳು.

ಗಾಡಿ ಓಡಿತು ನೋಡ್ರಿ. ಹ್ಯಾಂಡಲ್ ತಿರುಗಿಸುವ ಮುಂಚೆ ಗಾಲಿ ತಿರುಗುತ್ತಿತ್ತು. ಗುಂಡಿಗಳ ಮೇಲೆ ತೊಟ್ಟಿಲು ತೂಗಿದ ಹಾಗೆ ಹೋಗುತ್ತಿತ್ತು. ಗಂಗಕ್ಕ ಕೂಡ "ಹೂಂ, ಈಗ ಪರವಾಗಿಲ್ಲ" ಅಂದಳು. ಅವಳ ಬಾಯಿಂದ ಅಷ್ಟು ಬಂದರೆ ಅದು ಸನ್ಮಾನ. ಮಿಲ್ಲು ಮುಚ್ಚಿದ ಮೇಲೆ ಮೊದಲ ಸಲ ನನಗೆ ನಾನು ಫಿಟ್ಟರ್ ಅನ್ನಿಸಿತು. ಸಂಜೆ ಎಸ್‌ಟಿಡಿ ಬೂತಿಗೆ ಹೋಗಿ ಹರಿಹರಕ್ಕೆ ಫೋನ್ ಹಚ್ಚಿದೆ. ಸುಮಾಗೆ ಸ್ಪ್ರಿಂಗು, ರಿಂಗು, ಭಾರ ಹಿಂದೆ ಹೋಗುವುದು, ಮುಂದೆ ಬರುವುದು, ಎಲ್ಲ ವಿವರವಾಗಿ ಹೇಳಿದೆ.

"ಗಾಡಿ ನೀನೇ ಬಿಚ್ಚಿದ್ಯಾ ಅಪ್ಪಾ?"

"ಮತ್ತೆ? ಬ್ಯಾರೆ ಯಾರಿಗೆ ಬರ್ತೈತೆ ಈ ಕೆಲಸ?"

"ಹೂಂ ಅಪ್ಪಾ. ಹುಷಾರಾಗಿ ಬಾ," ಅಂದಳು. ಅಪ್ಪನ ಬಗ್ಗೆ ಅವಳಿಗೆ ಹೆಮ್ಮೆಯಾಗಿರಬೇಕು ಅಂದುಕೊಂಡೆ.

ಕುಬುಸದ ದಿನ ಬಂತು. ಗಂಗಕ್ಕ ಬೆಳಗಿನ ಜಾವಕ್ಕೇ ಎದ್ದು ಎಲ್ಲ ಮಾಡಿ ಮುಗಿಸಿದ್ದಳು. ಹಿತ್ತಾಳೆ ಡಬರಿಯಲ್ಲಿ ದಾಳಿಂಬೆ ಹಾಕಿದ ಮೊಸರನ್ನ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಬಟ್ಟೆಗೆ ಅರಿಶಿನ ಕುಂಕುಮ ಹಚ್ಚಿದ್ದಳು. ದೊಡ್ಡ ಬುಟ್ಟಿಯಲ್ಲಿ ಉಳಿದದ್ದೆಲ್ಲ. ಹಸಿರು ಸೀರೆಯನ್ನು ನಾನು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟೆ. ಶಾಂತಾ ಇದ್ದಿದ್ದರೆ ಇಂಥದ್ದನ್ನೇ ಆರಿಸುತ್ತಿದ್ದಳಾ ಅಂತ ಅಂಗಡಿಯಲ್ಲಿ ಅರ್ಧ ದಿನ ನಿಂತು ತಂದ ಸೀರೆ ಅದು. ಆಮೇಲೆ ಡಬರಿ ಎತ್ತಿ ಮುಂದೆ, ಕಾಲಿಡುವ ಜಾಗದಲ್ಲಿ ಇಟ್ಟೆ.

"ಅಲ್ಲಿ ಯಾಕ ಇಟ್ಟೆ?" ಅಂದಳು ಗಂಗಕ್ಕ.

"ಅದರ ಜಾಗ ಅದು. ದಿನಾ ಕಲ್ಲು ಇಟ್ಟು ನೋಡಲಿಲ್ವಾ?"

"ಅದು ಕಲ್ಲು. ಇದು ಬುತ್ತಿ. ಚಪ್ಪಲಿ ಕಾಲಿನ ಹತ್ರ ಬುತ್ತಿ ಇಡ್ತಾರೇನ್ಲೇ? ಕುಂಕುಮ ಹಚ್ಚೀನಿ ಅದಕ್ಕೆ. ಬಸುರಿ ಹುಡುಗಿ ಉಣ್ಣಾದು."

"ಅಕ್ಕಾ, ಭಾರ ಮುಂದೆ ಇಲ್ಲ ಅಂದ್ರೆ ಮುಂದಿನ ಗಾಲಿ ಏಳ್ತೈತೆ."

"ಏಳ್ಲಿ. ಚಪ್ಪಲಿ ಕಾಲಿನ ಹತ್ರ ಬ್ಯಾಡ ಅಂದ್ರೆ ಬ್ಯಾಡ."

ನಾನು ಅವಳಿಗೆ ಭಾರದ ಲೆಕ್ಕ ವಿವರಿಸಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಸ್ಕೂಟರಿನ ಚಿತ್ರ ಬರೆದು ಬಾಣದ ಗುರುತು ಹಾಕಿ ತೋರಿಸಿದೆ. ಅವಳು ಚಿತ್ರವನ್ನು ದಾಟಿ ಹೋಗಿ ಡಬರಿ ಎತ್ತಿ ಹಿಂದಿನ ಕ್ಯಾರಿಯರ್ ಮೇಲೆ ಇಟ್ಟು ಹಗ್ಗ ಬಿಗಿದಳು. ತಾನು ಬುಟ್ಟಿಯೊಂದಿಗೆ ಹಿಂದಿನ ಸೀಟಿನಲ್ಲಿ ಕೂತಳು. ನನಗೆ ಮೈಯೆಲ್ಲ ಉರಿಯಿತು. ವಾರಗಟ್ಟಲೆ ಲೆಕ್ಕ ಹಾಕಿದವನು ನಾನು, ಒಂದು ಮಾತಿನಲ್ಲಿ ಎಲ್ಲ ಕೆಡಿಸಿದವಳು ಅವಳು. ಹೊತ್ತಾಗಿತ್ತು, ಬೀಗರ ಮನೆಯಲ್ಲಿ ಕಾಯುತ್ತಿದ್ದರು. ಆಗಲಿ, ಗಾಲಿ ಎದ್ದರೆ ತಪ್ಪು ಯಾರದು ಅಂತ ಊರಿಗೇ ಗೊತ್ತಾಗಲಿ ಅಂತ ಹಲ್ಲು ಕಚ್ಚಿಕೊಂಡು ಕಿಕ್ ಹೊಡೆದೆ. ಕೆಟ್ಟ ಬುದ್ಧಿ ಅದು.

ಹರಿಹರದ ದಾರಿಯಲ್ಲಿ ನಾನು ಗಾಡಿ ಓಡಿಸಿದೆ ಅನ್ನುವುದು ಸುಳ್ಳಾಗುತ್ತದೆ. ಗಾಡಿ ಹೋಗುತ್ತಿತ್ತು, ನಾನು ಮೇಲೆ ಕೂತಿದ್ದೆ. ಹಿಂಭಾಗ ರಸ್ತೆಗೆ ತಾಗುವಷ್ಟು ಕುಸಿದಿತ್ತು. ಹೆಡ್‌ಲೈಟು ಮರದ ಕೊಂಬೆಗಳನ್ನು ನೋಡುತ್ತಿತ್ತು. ಹ್ಯಾಂಡಲ್ ನನ್ನ ಕೈಯಲ್ಲಿ ಗಾಳಿಗೆ ಹಿಡಿದ ಮೊರದಷ್ಟು ಹಗುರ. ಸ್ವಲ್ಪ ಜೋರು ಮಾಡಿದರೆ ಮುಂದಿನ ಗಾಲಿ ನೆಲ ಬಿಡುತ್ತಿತ್ತು, ಬ್ರೇಕು ಹಿಡಿದರೆ ಪಟ್ಟೆಂದು ಬಂದು ಕೂರುತ್ತಿತ್ತು. ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. ಎತ್ತುಗಳು ಕೂಡ ತಿರುಗಿ ನೋಡಿದವು.

"ನಾನು ಹೇಳಿದ್ನಿಲ್ಲ?" ಅಂದೆ ಹಿಂದಕ್ಕೆ.

"ಮುಂದೆ ನೋಡ್ಕೊಂಡು ಓಡಸು," ಅಂದಳು ಗಂಗಕ್ಕ.

ಬೀಗರ ಮನೆ ಹರಿಹರದಲ್ಲಿ ಹೊಳೆ ಕಡೆಗೆ ಇಳಿಯುವ ಬೀದಿಯಲ್ಲಿತ್ತು. ಹೊಳೆ ತುಂಬಿದರೆ ನೀರು ಬರಬಾರದು ಅಂತ ಮನೆಯನ್ನು ಎತ್ತರಿಸಿ ಕಟ್ಟಿದ್ದರು. ಬೀದಿಯಿಂದ ಜಗಲಿಗೆ ಗಾಡಿ ಹತ್ತಿಸಲು ಕಲ್ಲಿನ ಇಳಿಜಾರು. ಕಡಿದಾದದ್ದು. ಅವರ ಮನೆಯವರೇ ಅಲ್ಲಿ ಗಾಡಿ ಬಂದ್ ಮಾಡಿ ತಳ್ಳುತ್ತಿದ್ದರು.

ಅಂತೂ ಬಂದು ಮುಟ್ಟಿದೆವು. ಜಗಲಿಯ ಮೇಲೆ ಜನ ತುಂಬಿದ್ದರು. ನಡುವೆ ಸುಮಾ, ಹೂ ಮುಡಿದು, ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಬೀಗತಿ ಆರತಿ ತಟ್ಟೆ ಹಿಡಿದಿದ್ದರು. ಇಳಿಜಾರಿನ ಬುಡದಲ್ಲಿ ದೊಡ್ಡ ರಂಗೋಲಿ.

"ಇಲ್ಲೇ ನಿಲ್ಲಸು. ನಾನು ಇಳಿದು ಬುತ್ತಿ ಹೊತ್ಕೊಂಡು ಬರ್ತೀನಿ," ಅಂದಳು ಗಂಗಕ್ಕ.

ಅದು ಸರಿಯಾದ ಮಾತು. ಚಿಕ್ಕ ಮಕ್ಕಳಿಗೂ ತಿಳಿಯುವ ಮಾತು. ಆದರೆ ಎಲ್ಲರೂ ನೋಡುತ್ತಿದ್ದರು. ಕೆಲಸ ಹೋದವನು, ಹೆಂಡತಿ ಹೋದವನು, ಬೀದಿಯಲ್ಲಿ ನಿಂತು ಗಾಡಿ ತಳ್ಳುವುದನ್ನು ಅವರು ನೋಡಬಾರದು ಅನ್ನಿಸಿತು. ತವರು ಜಗಲಿ ಮೇಲೇ ಹೋಗಿ ಇಳಿಯಲಿ.

"ಕೂತ್ಕೋ ಅಕ್ಕಾ," ಅಂದೆ, ಮತ್ತು ಎಕ್ಸಲೇಟರ್ ತಿರುವಿದೆ.

ಮುಂದಿನ ಗಾಲಿ ಇಳಿಜಾರನ್ನು ಮುಟ್ಟಿತು. ಮುಟ್ಟಿ, ಬೇಡವೆಂದು ಬಿಟ್ಟುಬಿಟ್ಟಿತು. ಸ್ಕೂಟರು ನಿಧಾನವಾಗಿ, ಮರ್ಯಾದೆಯಿಂದ, ಎದ್ದು ನಿಂತಿತು. ನನಗೆ ಕಂಡದ್ದು ಆಕಾಶ, ಆಮೇಲೆ ಬೀಗರ ಮನೆಯ ಹೆಂಚು. ಗಂಗಕ್ಕ ಹಿಂದಿನಿಂದ ಜಾರಿ ರಂಗೋಲಿಯ ನಡುವೆ ಕೂತಳು. ಡಬರಿಯ ಹಗ್ಗ ಬಿಚ್ಚಿ, ಅದು ಒಂದು ಸಲ ಪಲ್ಟಿ ಹೊಡೆದು ಮೊಸರನ್ನವನ್ನೆಲ್ಲ ಬೀದಿಗೆ ಬಡಿಸಿತು. ಬುಟ್ಟಿ ಕವುಚಿ ಬಿತ್ತು. ಸಜ್ಜೆ ರೊಟ್ಟಿಯೊಂದು ಅಂಚಿನ ಮೇಲೆ ನಿಂತು ಹೊಳೆ ಕಡೆಗೆ ಉರುಳಿಕೊಂಡು ಹೋಯಿತು. ನಾನು ಇನ್ನೂ ಹ್ಯಾಂಡಲ್ ಬಿಟ್ಟಿರಲಿಲ್ಲ. ಗಾಡಿ ಬಾಲದ ಮೇಲೆ ಕೂತಿತ್ತು, ನಾನು ಅದರ ಕೊರಳಿಗೆ ಜೋತು ಬಿದ್ದಿದ್ದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಗುಂಪಿನಿಂದ ಯಾರೋ ಹೆಂಗಸು ಮೆಲ್ಲಗೆ, "ಪಾಪ," ಅಂದಳು.

ಗಂಗಕ್ಕನ ಮೊಣಕೈ ತರಚಿತ್ತು, ಅಷ್ಟೇ. ಅವಳು ಎದ್ದು ಸೀರೆ ಕೊಡವಿಕೊಂಡಳು. ನನಗೆ ಒಂದು ಮಾತೂ ಬೈಯಲಿಲ್ಲ. ಅವಳ ಮುಖ ನೋಡಿದೆ, ಕಣ್ಣಲ್ಲಿ ನೀರಿತ್ತು. ಬೆಳಗಿನ ಜಾವದಿಂದ ಒಲೆ ಮುಂದೆ ಕೂತು ಮಾಡಿದ್ದನ್ನು ಎರಡು ನಾಯಿಗಳು ಆಗಲೇ ರುಚಿ ನೋಡುತ್ತಿದ್ದವು. ಗಾಲಿ ಎದ್ದರೆ ತಪ್ಪು ಅವಳದು ಅಂತ ಊರಿಗೆಲ್ಲ ಗೊತ್ತಾಗಲಿ ಅಂದುಕೊಂಡಿದ್ದೆನಲ್ಲ, ಆ ಮಾತು ನೆನಪಾಗಿ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬೀಗತಿ ಕೆಳಗೆ ಇಳಿದು ಬಂದರು. "ಏಳ್ರಿ ಅಣ್ಣಾರೆ. ಪೆಟ್ಟಾಗಿಲ್ಲ ತಾನೆ? ಒಳಗೆ ಬರ್ರಿ, ಶಾಸ್ತ್ರಕ್ಕೆ ಹೊತ್ತಾಗ್ತೈತೆ."

"ಬುತ್ತಿ ಇಲ್ದಂಗೆ ಎಂಥ ಶಾಸ್ತ್ರ ಅಕ್ಕಾರೆ," ಅಂದೆ.

"ಬರ್ರಿ ಮೊದ್ಲು," ಅಂದರು.

ಒಳಗೆ ಹೋದೆವು. ನಡುಮನೆಯಲ್ಲಿ ಮಣೆ, ಮಣೆ ಮುಂದೆ ಬಾಳೆ ಎಲೆ. ಪಕ್ಕದಲ್ಲಿ ಸಾಲಾಗಿ ಮೊಸರನ್ನ, ಚಿತ್ರಾನ್ನ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಣ್ಣೆಗಾಯಿ. ಚಟ್ನಿಪುಡಿ ಮೂರು ಥರ. ಒಂದೂ ಬಿಟ್ಟಿರಲಿಲ್ಲ. ನಾನು ಬಾಯಿ ತೆರೆದು ನಿಂತೆ.

"ಯಾರು ಮಾಡಿದ್ದು ಇದನ್ನ?"

ಬೀಗತಿ ಸೊಸೆಯ ಕಡೆ ನೋಡಿದರು. "ನಾವೇ ಮಾಡಿದ್ವಿ. ಸುಮಾನೇ ಹೇಳಿದ್ಲು. ಅಪ್ಪ ಗಾಡಿ ಬಿಚ್ಯಾನಂತೆ ಅತ್ತೆ, ಎದಕ್ಕೂ ಇಲ್ಲೂ ಒಂದು ಬುತ್ತಿ ಮಾಡಿಡಾಣ ಅಂತ. ಆವತ್ತು ನೀವು ಫೋನ್ ಮಾಡಿದ್ರಲ್ಲ, ಆ ಸಂಜೇನೆ."

ಸುಮಾ ತಲೆ ಬಗ್ಗಿಸಿ ಬಳೆ ಎಣಿಸುತ್ತಿದ್ದಳು. ಡಿಕ್ಕಿಯಲ್ಲಿದ್ದ ಹಸಿರು ಸೀರೆಗೆ ಮಾತ್ರ ಏನೂ ಆಗಿರಲಿಲ್ಲ. ಅದನ್ನು ಉಟ್ಟುಕೊಂಡು, ಬೀಗರು ಮಾಡಿದ ಬುತ್ತಿಯನ್ನು ತವರಿನ ಬುತ್ತಿ ಅಂತ ಉಂಡಳು. ಎಲ್ಲರೂ ಸೋಬಾನೆ ಹಾಡಿದರು. ನನಗೂ ಬಡಿಸಿದರು. ರುಚಿಯಾಗಿತ್ತು. ಅದರಿಂದಲೇ ನನಗೆ ಇನ್ನೂ ಕಹಿಯಾಯಿತು.

ಸಂಜೆ ಹೊರಟೆವು. ಗಂಗಕ್ಕ ಬಸ್‌ಸ್ಟ್ಯಾಂಡಿಗೆ ನಡೆದು ಹೋದಳು, ನನ್ನನ್ನು ಕೇಳಲೂ ಇಲ್ಲ. ತವರಿನ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಬೀಗತಿ ಡಬರಿಯನ್ನು ತೊಳೆದು, ತುಂಬ ಮೊಸರನ್ನ ಹಾಕಿ, ಬಟ್ಟೆ ಕಟ್ಟಿ, ಕುಂಕುಮ ಹಚ್ಚಿ ಕೊಟ್ಟರು. ಒಂದು ಕಡೆ ಚಪ್ಪಟೆಯಾಗಿತ್ತು, ಕಾಣದ ಹಾಗೆ ತಿರುಗಿಸಿ ಕಟ್ಟಿದ್ದರು. ಅದನ್ನು ಎತ್ತಿಕೊಂಡು ಹೋಗಿ ಸ್ಕೂಟರಿನ ಕ್ಯಾರಿಯರ್ ಮೇಲೆ ಇಡಲು ಹೋದೆ. ಸುಮಾ ಬಾಗಿಲವರೆಗೆ ಬಂದಿದ್ದಳು.

"ಮುಂದೆ ಇಡು ಅಪ್ಪಾ. ಭಾರ ಮುಂದೆ ಇರ್ಬೇಕು ಅಂತ ನೀನೇ ಅಂದಿದ್ದಿ."

"ನನಗೆ ಗೊತ್ತಿಲ್ವೇನಮ್ಮಾ? ನಿಮ್ಮ ಗಂಗತ್ತೆ ಬಿಡಲಿಲ್ಲ. ಚಪ್ಪಲಿ ಕಾಲಿನ ಹತ್ರ ಬುತ್ತಿ ಇಡಬಾರ್ದಂತೆ."

ಸುಮಾ ನನ್ನ ಕಾಲನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳ ಅವ್ವ ನನ್ನನ್ನು ಹೀಗೆ ನೋಡುತ್ತಿದ್ದಳು, ಇಪ್ಪತ್ತು ವರ್ಷ.

"ಚಪ್ಪಲಿ ಬಿಡಬಹುದಿತ್ತಲ್ಲಪ್ಪಾ," ಅಂದಳು.

ಸ್ಪ್ರಿಂಗು ಬಿಚ್ಚಿದ್ದೆ, ರಿಂಗು ಹಾಕಿದ್ದೆ, ತೆಗೆದಿದ್ದೆ, ಅಂಗಡಿಯ ಕಲ್ಲು ಹೊತ್ತಿದ್ದೆ, ನೆಲದ ಮೇಲೆ ಚಿತ್ರ ಬರೆದಿದ್ದೆ. ಕಾಲಿನಲ್ಲಿದ್ದ ಎರಡು ಚಪ್ಪಲಿ ಬಿಚ್ಚಿದ್ದರೆ ಎಲ್ಲ ಮುಗಿಯುತ್ತಿತ್ತು. ಗಂಗಕ್ಕ ಎರಡು ಸಲ ಚಪ್ಪಲಿ ಅಂದಿದ್ದಳು. ಎರಡೂ ಸಲ ನಾನು ಅವಳಿಗೆ ಭಾರದ ಪಾಠ ಮಾಡುತ್ತಿದ್ದೆ.

ಚಪ್ಪಲಿ ಬಿಟ್ಟೆ. ಸುಮಾ ಅವನ್ನು ಎತ್ತಲು ಬಗ್ಗಲಾರದೆ ಬಗ್ಗಲು ಹೋದಳು. ಬ್ಯಾಡಮ್ಮಾ ಅಂತ ನಾನೇ ಎತ್ತಿ ಪೇಪರಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿದೆ. ಡಬರಿಯನ್ನು ಎರಡು ಬರಿಗಾಲುಗಳ ನಡುವೆ ಇಟ್ಟುಕೊಂಡು ಹರಿಹರದಿಂದ ದಾವಣಗೆರೆಗೆ ಬಂದೆ. ಹ್ಯಾಂಡಲ್ ಹೇಳಿದ ಕಡೆ ಗಾಲಿ ತಿರುಗಿತು. ದಾರಿಯುದ್ದಕ್ಕೂ ಒಂದು ಸಲವೂ ಮುಂದಿನ ಗಾಲಿ ನೆಲ ಬಿಡಲಿಲ್ಲ.